ಬಾಮೈದನ ಕಷಾಯ

ನಮ್ಮ ಅತ್ತಿಗೆ ನೀಲಮ್ಮನ ಜೊತೆ ಪೇಟೆಗೆ ಹೋಗುವುದು ಒಂದು ತಮಾಷೆ. ಎದುರಿಗೆ ಯಾರೋ ಜರಿಪೇಟದ ಯಜಮಾನರು ಗತ್ತಿನಿಂದ ಬರುತ್ತಿರುತ್ತಾರೆ. ಇವಳನ್ನು ಕಂಡದ್ದೇ ತಡ, ಸರ್ರನೆ ಪಕ್ಕದ ಅಂಗಡಿಗೆ ನುಗ್ಗಿ, ಬೇಡದ ಬೆಲ್ಲದ ಅಚ್ಚನ್ನು ಎತ್ತಿ ಮೂಸುತ್ತ ನಿಂತುಬಿಡುತ್ತಾರೆ. "ಯಾರೇ ಅದು?" ಎಂದು ನಾನು ಕೇಳಿದರೆ, "ಯಾರೋ ಕಣೆ ಮಂಗಳಾ, ಬಾಮೈದನಿಗೆ ಹುಷಾರಿಲ್ದೋರು," ಅನ್ನುತ್ತಿದ್ದಳು. ಅಷ್ಟೇ. ಇನ್ನೊಂದು ಮಾತು ಅವಳ ಬಾಯಿಂದ ಹೊರಡುತ್ತಿರಲಿಲ್ಲ. ನಾನು ಹಾಗಲ್ಲ, ಗೊತ್ತಿರುವುದನ್ನು ಹೇಳದಿದ್ದರೆ ನನಗೆ ಹೊಟ್ಟೆ ಉಬ್ಬರಿಸುತ್ತದೆ. ಆ ಯಜಮಾನರೆಲ್ಲ ಈಗ ಹೋದರು, ಅವರ ಬಾಮೈದಂದಿರೂ ಹೋದರು. ಇನ್ನು ಯಾರ ಮಾನ ಉಳಿಸಬೇಕು ಹೇಳಿ.

ಲಕ್ಷ್ಮೀಪುರಂನಲ್ಲಿ ಎರಡು ಸಾಲು ಮನೆಗಳ ಬೆನ್ನಿಗೆ ಒಂದು ಗಲ್ಲಿ ಇರುತ್ತದೆ. ಕನ್ಸರ್ವೆನ್ಸಿ ಅನ್ನುತ್ತೇವೆ. ನಮ್ಮಣ್ಣನ ಮನೆ ಒಂದು ಸಾಲಿನಲ್ಲಿ, ನನ್ನ ಮನೆ ಇನ್ನೊಂದು ಸಾಲಿನಲ್ಲಿ. ಅವರ ಹಿತ್ತಲ ಬಾಗಿಲಿಗೂ ನನ್ನದಕ್ಕೂ ನಡುವೆ ಆ ಗಲ್ಲಿಯಷ್ಟೇ. ನಾನು ಪಾತ್ರೆ ಹಾಕಿಕೊಂಡು ಕೂತರೆ ಅತ್ತಿಗೆಯ ಬಾಗಿಲಿಗೆ ಬಂದುಹೋಗುವ ಪ್ರತಿಯೊಬ್ಬರೂ ಕಾಣುತ್ತಿದ್ದರು, ಮಾತೂ ಕೇಳುತ್ತಿತ್ತು. ಭಾನುವಾರ ಬೆಳಿಗ್ಗೆ ನನ್ನ ಪಾತ್ರೆಗಳು ಬೇರೆ ದಿನಗಳಿಗಿಂತ ಹೆಚ್ಚು ಹೊಳೆಯುತ್ತಿದ್ದವು ಎಂದು ನನ್ನ ಗಂಡ ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳಲಿ.

ಭಾನುವಾರ ಬೆಳಿಗ್ಗೆ ಅತ್ತಿಗೆ ಕೊಡುತ್ತಿದ್ದದ್ದು ಒಂದೇ ಒಂದು ಔಷಧಿ. ವಯಸ್ಸಾದ ಗಂಡಸರಿಗೆ ಒಂದಕ್ಕೆ ಸಲೀಸಾಗಿ ಆಗುವುದಿಲ್ಲವಲ್ಲ, ನಿಂತೇ ಇರುತ್ತಾರೆ, ತೊಟ್ಟು ತೊಟ್ಟು ಬೀಳುತ್ತದೆ, ಮುಗಿಯಿತು ಎಂದು ಪಂಚೆ ಸರಿಮಾಡಿಕೊಂಡು ಬಂದರೆ ಮತ್ತೆ ಓಡಬೇಕು, ಅದಕ್ಕೆ. ವರುಣದ ಮರದ ತೊಗಟೆಯ ಕಷಾಯ. ಅವಳ ತವರು ಮಂಡಕಳ್ಳಿ. ಅವಳಪ್ಪ ಜವರಯ್ಯ ಅಲ್ಲಿ ಹೊಲ ಉಳುತ್ತ ಇದೊಂದು ಮದ್ದು ಕೊಡುತ್ತಿದ್ದವನು. ಹೊಲದ ಬದುವಿನಲ್ಲಿ, ಕಟ್ಟೆಯ ನೀರಿನ ತಂಪಿಗೆ ಬೆಳೆದ ಮರ ಅದು. ಅಪ್ಪ ಸತ್ತ ಮೇಲೆ ಅವಳ ತಮ್ಮ ಮಹದೇವು ತಿಂಗಳಿಗೊಮ್ಮೆ ತೊಗಟೆ ಹೆರೆದು ಚೀಲದಲ್ಲಿ ತುಂಬಿ, ಅದರ ಜೊತೆಗೆ ಹೊಲದ ಸೊಪ್ಪುಸದೆಯನ್ನೂ ತುರುಕಿ, ಸೈಕಲ್ ಮೇಲೆ ತಂದು ಹಾಕುತ್ತಿದ್ದ. ಅವಳು ಅದನ್ನು ನೆರಳಲ್ಲಿ ಒಣಗಿಸಿ, ಕುಟ್ಟಿ, ಮಣ್ಣಿನ ಮಡಕೆಯಲ್ಲಿ ಕಾಲುಭಾಗಕ್ಕೆ ಇಳಿಯುವವರೆಗೆ ಕುದಿಸುತ್ತಿದ್ದಳು. ದುಡ್ಡು ಮುಟ್ಟುತ್ತಿರಲಿಲ್ಲ. ಎಲೆ ಅಡಿಕೆ ತಂದರೆ ತಂದರು, ಇಲ್ಲದಿದ್ದರೆ ಇಲ್ಲ.

ಅಪ್ಪ ಅವಳಿಗೆ ಹಾಕಿಕೊಟ್ಟಿದ್ದ ಕಟ್ಟಲೆ ಒಂದೇ. ಬಾಯಿಬಿಟ್ಟು ಕೇಳಿದರೆ ಮಾತ್ರ ಕೊಡಬೇಕು. ಕೇಳದವನಿಗೆ, ಅವನು ಎದುರಿಗೇ ಒದ್ದಾಡುತ್ತಿದ್ದರೂ, ತಾನಾಗಿ ಕೊಡಬಾರದು. ಯಾರಿಗಾಗಿ ಎಂಬುದರಲ್ಲಿ ಸುಳ್ಳು ಹೇಳಿದರೆ ಪರವಾಗಿಲ್ಲ, ಕೇಳಬೇಕು.

ಸುಳ್ಳೋ, ಅಯ್ಯೋ, ಅದನ್ನು ಏನು ಹೇಳಲಿ. ಅಲ್ಲಿಗೆ ಬಂದ ಒಬ್ಬನೇ ಒಬ್ಬ ಗಂಡಸು ಇದು ನನಗೆ ಅಂದದ್ದನ್ನು ನಾನು ಕೇಳಿರಲಿಲ್ಲ. ಎಲ್ಲರಿಗೂ ಬಾಮೈದನೇ. ತಲೆಯ ಮೇಲೆ ಟವೆಲ್ ಎಳೆದುಕೊಂಡು ಗಲ್ಲಿಯ ಗೋಡೆಗೆ ಒರಗಿ, "ನಮ್ಮ ಬಾಮೈದನಿಗೆ ಸ್ವಲ್ಪ ಆ ತೊಂದರೆ ಕಣಮ್ಮ," ಎಂದು ಶುರು ಮಾಡುತ್ತಿದ್ದರು. ಹೆಂಡತಿಯ ತಮ್ಮ ಅಂದರೆ ಗಂಡಸರಿಗೆ ಮೊದಲಿಂದಲೂ ಸದರ. ಅವನ ತಲೆಗೆ ಏನು ಕಟ್ಟಿದರೂ ನಡೆಯುತ್ತದೆ. ಒಬ್ಬರ ಹೆಂಡತಿ ನನ್ನ ಜೊತೆ ಓದಿದವಳು. ಅವಳಿಗೆ ಇದ್ದದ್ದು ಬರೀ ಅಕ್ಕಂದಿರು. ಇನ್ನೊಬ್ಬರು ಪಾಠಶಾಲೆಯ ಪಂಡಿತರು, ಕಾಯಿಲೆಗೆ ಬಾಯಿತುಂಬ ಸಂಸ್ಕೃತದ ಹೆಸರು ಹೇಳಿ ಕೊನೆಗೆ ಅದನ್ನೂ ಬಾಮೈದನಿಗೇ ಅಂಟಿಸಿದರು. ಗರಡಿಮನೆಯ ಉಸ್ತಾದ್ ನಂಜುಂಡಯ್ಯ, ದಸರಾ ಕುಸ್ತಿಯಲ್ಲಿ ಊರೂರಿನ ಪೈಲ್ವಾನರನ್ನು ಮಣ್ಣು ಮುಕ್ಕಿಸಿದವರು, ಅತ್ತಿಗೆಯ ಮುಂದೆ ನಿಂತಾಗ ಅವರ ಗಂಟಲು ಕೋಳಿಮರಿಯದಾಗಿತ್ತು.

ಅತ್ತಿಗೆ ತಲೆ ಎತ್ತದೆ ಕೇಳಬೇಕಾದ್ದನ್ನೆಲ್ಲ ಕೇಳುತ್ತಿದ್ದಳು. "ನಿಮ್ಮ ಬಾಮೈದನಿಗೆ ಧಾರೆ ಸಣ್ಣಗೆ ಬತ್ತದಾ? ನಿಂತೂ ನಿಂತೂ ಬರಬೇಕಾ? ಉರಿ ಐತಾ?" ಉಸ್ತಾದರಿಗೆ ಇದಕ್ಕೆ ಏನು ಹೇಳಬೇಕೋ ತಿಳಿಯಲಿಲ್ಲ. ಥಟ್ಟನೆ ಉತ್ತರ ಕೊಟ್ಟರೆ ಗುಟ್ಟು ಬಯಲಾಗುತ್ತದಲ್ಲ. "ಕೇಳ್ಕೊಂಡು ಬರ್ತೀನಿ ತಾಯಿ," ಎಂದು ಗಲ್ಲಿಯ ತಿರುವಿನವರೆಗೆ ಹೋಗಿ, ಅಲ್ಲಿ ಒಬ್ಬರೇ ಸ್ವಲ್ಪ ಹೊತ್ತು ನಿಂತು, ವಾಪಸು ಬಂದು, "ಉರಿ ಇಲ್ಲವಂತೆ, ಮಿಕ್ಕಿದ್ದೆಲ್ಲ ಇದೆಯಂತೆ," ಅಂದರು. ನಾನು ಸೆರಗು ಬಾಯಿಗೆ ತುರುಕಿಕೊಂಡು ಒಳಗೆ ಓಡಿದೆ. ಅತ್ತಿಗೆ ನಗಲಿಲ್ಲ. ಲೋಟ ಕೊಟ್ಟು, "ರಕ್ತ ಕಾಣಿಸ್ಕಂಡ್ರೆ ಮಾತ್ರ ಇಲ್ಲಿಗೆ ಬರಬ್ಯಾಡಿ, ದೊಡ್ಡಾಸ್ಪತ್ರೆಗೆ ಹೋಗಾಕೆ ಹೇಳಿ ಅವರ್ಗೆ," ಅಂದಳು. ಉಸ್ತಾದರು ಬಾಮೈದನ ಕಷಾಯವನ್ನು ಅಲ್ಲೇ ಗಟಗಟ ಕುಡಿದು, ಮೀಸೆ ಒರೆಸಿಕೊಂಡು ಹೋದರು.

ಇಂಥವಳನ್ನು ಕಟ್ಟಿಕೊಂಡಿದ್ದ ನಮ್ಮಣ್ಣ ಹುಚ್ಚಯ್ಯನ ವಿಷಯಕ್ಕೆ ಬರುತ್ತೇನೆ. ಅಣ್ಣ ಸರ್ಕಾರಿ ಕಚೇರಿಯೊಂದರಲ್ಲಿ ದಫೇದಾರ. ಬಿಳಿ ಕೋಟು, ಎದೆಯ ಮೇಲೆ ಅಡ್ಡಲಾಗಿ ಕೆಂಪು ಪಟ್ಟಿ, ಅದರ ನಡುವೆ ಹಿತ್ತಾಳೆ ಬಿಲ್ಲೆ, ತಲೆಗೆ ಪೇಟ. ಸಾಹೇಬರ ಕೋಣೆಯ ಬಾಗಿಲಲ್ಲಿ ನೆಟ್ಟಗೆ ನಿಲ್ಲುವುದು, ಒಳಗೆ ಗಂಟೆ ಬಾರಿಸಿದರೆ ನುಗ್ಗುವುದು, ಹೊರಗೆ ಕಾದಿರುವವರ ಹೆಸರನ್ನು ಮೂರು ಬೀದಿಗೆ ಕೇಳಿಸುವ ಹಾಗೆ ಕೂಗುವುದು ಅವನ ಕೆಲಸ. ರಾಜರ ಆಳ್ವಿಕೆ ಹೋಗಿ ಸ್ವಾತಂತ್ರ್ಯ ಬಂತು, ಸಾಹೇಬರುಗಳು ಬಂದರು ಹೋದರು. ಕಚೇರಿ ನಡೆಯುತ್ತಿರುವುದು ತನ್ನ ಮೀಸೆಯ ಬಲದಿಂದ ಎಂದು ಅಣ್ಣ ನಂಬಿದ್ದ. ಸರ್ಕಾರದ ಲೆಕ್ಕದಲ್ಲಿ ಅವನಿಗೆ ಆಗ ಐವತ್ತಮೂರು. ನಮ್ಮಮ್ಮನ ಲೆಕ್ಕದಲ್ಲಿ ಅರವತ್ತಕ್ಕೆ ಹತ್ತಿರ.

ಹೆಂಡತಿಯ ಬಾಗಿಲಿಗೆ ಬರುವ ಗಂಡಸರನ್ನು ಕಂಡರೆ ಅವನಿಗೆ ಉರಿದುಹೋಗುತ್ತಿತ್ತು. ಉಣ್ಣುತ್ತ ಕೂತಾಗಲೆಲ್ಲ ಅದೇ ಮಾತು. "ಥೂ, ಗಂಡಸರೇನೇ ಇವರು? ಹೆಂಗಸಿನ ಮುಂದೆ ನಿಂತು ಉಚ್ಚೆ ಪುರಾಣ ಬಿಚ್ತಾರಲ್ಲ. ನಾನಾಗಿದ್ರೆ ಸತ್ತರೂ ಬಾಯಿ ಬಿಡ್ತಿರಲಿಲ್ಲ."

"ನೋವು ಬಂದ್ರೆ ಯಾರಾದ್ರೂ ಬಾಯಿ ಬುಡ್ತಾರೆ," ಅನ್ನುತ್ತಿದ್ದಳು ಅತ್ತಿಗೆ, ಅನ್ನ ಬಡಿಸುತ್ತ.

"ನಾನು ಬಿಡಲ್ಲ. ಬರೆದಿಟ್ಕೋ."

ಬರೆದಿಡುವುದೇನೂ ಬೇಕಾಗಲಿಲ್ಲ. ಐವತ್ತೇಳನೇ ಇಸವಿಯ ದಸರಾ ಕಳೆದ ಮೇಲೆ ಅಣ್ಣ ಸಾಯಂಕಾಲ ಕಚೇರಿಯಿಂದ ಬಂದವನು ಮನೆಯೊಳಗಿನ ಬಚ್ಚಲಿಗೆ ಹೋಗುವುದನ್ನು ಬಿಟ್ಟು ಗಲ್ಲಿಯ ಕೊನೆಯ ಚರಂಡಿಯ ಹತ್ತಿರ ಹೋಗಿ ನಿಲ್ಲಲು ಶುರು ಮಾಡಿದ. ಬಚ್ಚಲಲ್ಲಾದರೆ ಅತ್ತಿಗೆಗೆ ಸದ್ದು ಕೇಳುತ್ತದೆ, ಸದ್ದು ಇಲ್ಲದಿರುವುದೂ ಕೇಳುತ್ತದೆ ಎಂಬ ಭಯ. ಪಕ್ಕದ ಮನೆಯ ರೇಡಿಯೋದಲ್ಲಿ ವಾರ್ತೆ ಶುರುವಾದಾಗ ಹೋಗಿ ನಿಂತವನು, ವಾರ್ತೆ ಮುಗಿದು ರೈತರ ಕಾರ್ಯಕ್ರಮದಲ್ಲಿ ಗೊಬ್ಬರದ ಮಾತು ಬಂದರೂ ನಿಂತೇ ಇರುತ್ತಿದ್ದ. ಗೋಡೆಗೆ ಕೈ ಕೊಟ್ಟು, ತಲೆ ಬಗ್ಗಿಸಿ. ಅಷ್ಟು ದೊಡ್ಡ ಪೇಟದ ಮನುಷ್ಯ. ನೋಡಿ ನನಗೆ ಮೊದಲು ನಗು ಬಂತು, ಆಮೇಲೆ ನೋಡಲಾಗದೆ ಒಳಗೆ ಹೋದೆ. ಎಷ್ಟಾದರೂ ಒಡಹುಟ್ಟಿದವನು.

ಅತ್ತಿಗೆಗೂ ಗೊತ್ತಿತ್ತು. ಅವಳಿಗೆ ಗೊತ್ತಾಗದೆ ಇರುತ್ತದೆಯೇ? ಮೈಸೂರಿನ ಅರ್ಧ ಗಂಡಸರ ಕಷ್ಟ ಗೊತ್ತಿದ್ದವಳು.

"ಕೊಡೇ ಅವನಿಗೆ," ಅಂದೆ ನಾನು. ಅತ್ತಿಗೆಯಾದರೂ ಅವಳು ನನ್ನ ವಯಸ್ಸಿನವಳೇ, ಏಕವಚನದಲ್ಲೇ ನಮ್ಮ ಮಾತು.

"ಕೇಳಲಿ, ಕೊಡ್ತೀನಿ."

"ಅವನು ಕೇಳ್ತಾನಾ? ಆ ಮೀಸೆ ಹೊತ್ಕೊಂಡು? ಸಾರಿಗೆ ಹಾಕ್ಬಿಡು, ಕಾಫಿಗೆ ಬೆರೆಸ್ಬಿಡು."

ಅವಳು ನನ್ನ ಕಡೆ ನೋಡಿದ ನೋಟ ಇವತ್ತಿಗೂ ನೆನಪಿದೆ. "ಏನಂದೆ ಮಂಗಳಾ? ಗಂಡನ ಊಟಕ್ಕೆ ಗೊತ್ತಿಲ್ದಂಗೆ ಬೆರೆಸೋದಾ? ಅದ್ಕೆ ಏನಂತಾರೆ ಗೊತ್ತಲ್ಲ."

ಗೊತ್ತಿತ್ತು. ನಮ್ಮ ಕಡೆ ಮದ್ದು ಹಾಕುವುದು ಅಂದರೆ ಔಷಧಿ ಕೊಡುವುದಲ್ಲ. ಗಂಡನನ್ನು ಕೈವಶ ಮಾಡಿಕೊಳ್ಳಲು ಹೆಂಡತಿ ಅನ್ನದಲ್ಲಿ ಏನೋ ಬೆರೆಸುತ್ತಾಳೆ, ಅದು ಹೊಟ್ಟೆಯಲ್ಲಿ ಗಂಟು ಕಟ್ಟಿ ಕೂರುತ್ತದೆ, ಮನುಷ್ಯ ದಿನದಿನಕ್ಕೆ ಸೊರಗುತ್ತಾನೆ ಎಂದು ಜನ ನಂಬುತ್ತಿದ್ದರು. ಹಾಗೆ ಹಾಕಿದವಳು ಎಂಬ ಹೆಸರು ಬಂದ ಹೆಂಗಸಿನ ಮನೆಯಲ್ಲಿ ಯಾರೂ ಒಂದು ಲೋಟ ನೀರು ಮುಟ್ಟುವುದಿಲ್ಲ. ಜವರಯ್ಯ ಮಗಳಿಗೆ ಕಟ್ಟಲೆ ಹಾಕಿದ್ದು ಸುಮ್ಮನೆ ಅಲ್ಲ. ಕೇಳಿದವನಿಗೆ ಕೊಟ್ಟರೆ ಔಷಧಿ, ಕೇಳದವನಿಗೆ ಕೊಟ್ಟರೆ ಅದೇ ತೊಗಟೆ ಅವಳ ಕೊರಳಿಗೆ ಉರುಳು.

ಹೀಗೇ ಮಳೆಗಾಲ ಬಂತು. ಕಚೇರಿಯಲ್ಲಿ ಗಂಟೆ ಬಾರಿಸಿದರೆ ಬಾಗಿಲಲ್ಲಿ ದಫೇದಾರ ಇಲ್ಲ. ಎಲ್ಲಿ ಎಂದರೆ ಹಿಂದುಗಡೆ. ಸಾಹೇಬರು ಒಂದು ದಿನ ಎಲ್ಲರ ಮುಂದೆ, "ಏನ್ರೀ ದಫೇದಾರ್, ನಿಮ್ಮನ್ನ ಬಾಗಿಲಿಗೆ ಹಾಕಿದ್ದೀವೋ ಚರಂಡಿಗೆ ಹಾಕಿದ್ದೀವೋ?" ಅಂದರಂತೆ. ಅಂದು ಅಣ್ಣ ಮುಖ ಕಪ್ಪು ಮಾಡಿಕೊಂಡು ಮನೆಗೆ ಬಂದ. ಅವತ್ತೇ ಮಧ್ಯಾಹ್ನ ಮಹದೇವು ತನ್ನ ಚೀಲ ತಂದು ಅಡಿಗೆಮನೆಯಲ್ಲಿ ಸುರಿದು ಹೋಗಿದ್ದ. ಒಂದೇ ಚೀಲದಲ್ಲಿ ತೊಗಟೆ, ಅದೇ ಚೀಲದಲ್ಲಿ ಮೆಂತ್ಯದ ಸೊಪ್ಪು. ಅತ್ತಿಗೆ ಸೊಪ್ಪು ಬಿಡಿಸಿ ಸಾರು ಮಾಡಿದ್ದಳು. ಸೊಪ್ಪು ಬಲಿತಿತ್ತು, ಸಾರು ಕಹಿಯಾಗಿತ್ತು. ಅಷ್ಟೇ ಆದದ್ದು.

ಅಣ್ಣ ಒಂದು ತುತ್ತು ಬಾಯಿಗಿಟ್ಟ. ಮೂಲೆಯಲ್ಲಿ ಹರಡಿದ್ದ ತೊಗಟೆ ನೋಡಿದ. ತಟ್ಟೆ ನೋಡಿದ. ಹೆಂಡತಿಯ ಮುಖ ನೋಡಿದ. ಮೈಯಲ್ಲಿ ಎಂಟೊಂಬತ್ತು ತಿಂಗಳಿಂದ ಆಗುತ್ತಿದ್ದದ್ದಕ್ಕೆಲ್ಲ ಅವನಿಗೆ ಆ ಗಳಿಗೆಯಲ್ಲಿ ಕಾರಣ ಸಿಕ್ಕಿಬಿಟ್ಟಿತು. ವಯಸ್ಸಾಯಿತು ಎಂದು ಒಪ್ಪಿಕೊಳ್ಳುವುದಕ್ಕಿಂತ ಹೆಂಡತಿ ಮದ್ದು ಹಾಕಿದಳು ಎಂದು ನಂಬುವುದು ನಮ್ಮ ಗಂಡಸರಿಗೆ ಎಷ್ಟು ಸುಲಭ ನೋಡಿ.

"ನನಗೇ ಹಾಕಿದ್ದೀಯಾ?" ಅಂದ.

"ಏನು ಹಾಕೋದು?" ಅಂದಳು ಅವಳು.

"ಅಕ್ಕ ತಮ್ಮ ಸೇರ್ಕೊಂಡು ನನ್ನನ್ನ ಈ ಗತಿಗೆ ತಂದ್ರಿ. ಊರಿನ ಗಂಡಸರನ್ನೆಲ್ಲ ಬಾಗಿಲಿಗೆ ಬರಿಸ್ಕೊಂಡಿದ್ದು ಸಾಲಲಿಲ್ಲ ನಿಂಗೆ."

ತಟ್ಟೆಯನ್ನು ಹಾಗೇ ಬಿಟ್ಟು ಎದ್ದುಹೋದ. ಅಂದಿನಿಂದ ಅವಳ ಕೈಯ ಊಟ ಬಿಟ್ಟ. ಬೆಳಿಗ್ಗೆ ಹೋಟೆಲಿನ ಇಡ್ಲಿ, ಸಾಯಂಕಾಲ ಹೋಟೆಲಿನ ದೋಸೆ. ಬನ್ನಿಮಂಟಪದ ಆಚೆ ಮದ್ದು ತೆಗೆಯುವವನು ಒಬ್ಬನಿದ್ದ. ಅವನ ಹತ್ತಿರ ಹೋಗಿ ಏನೋ ಹಸಿರು ರಸ ಕುಡಿದು, ಕರುಳು ಬಾಯಿಗೆ ಬರುವ ಹಾಗೆ ವಾಂತಿ ಮಾಡಿಕೊಂಡ. ಮದ್ದು ತೆಗೆಯುವವನು ಆ ವಾಂತಿಯಲ್ಲಿ ಕಡ್ಡಿ ಆಡಿಸಿ ಒಂದು ಕಪ್ಪು ಉಂಡೆ ತೆಗೆದು, "ಇದೇ ನೋಡಿ, ಹೆಂಗಸಿನ ಕೈಯದು," ಎಂದನಂತೆ. ಅಣ್ಣ ಅದನ್ನು ಕಾಗದದಲ್ಲಿ ಕಟ್ಟಿಕೊಂಡು ಬಂದು ನನಗೆ ತೋರಿಸಿದ. ಹುಣಿಸೆಹಣ್ಣಿನ ನಾರು, ಒಂದಿಷ್ಟು ಕೂದಲು. ಆ ಕೂದಲು ಕೆಂಚಗಿತ್ತು. ನಮ್ಮ ಎರಡೂ ಮನೆಯಲ್ಲಿ ಅಂಥ ಕೂದಲು ಯಾರಿಗೂ ಇಲ್ಲ. "ಇದು ಆ ಪುಣ್ಯಾತ್ಮ ಉಗುರಿನ ಸಂದಿಯಲ್ಲಿಟ್ಕೊಂಡಿದ್ದು ಕಣೋ ಪೆದ್ದ," ಅಂದೆ. ಅವನು ಕೇಳಲಿಲ್ಲ. ಆ ಉಂಡೆಯನ್ನು ಕಚೇರಿಗೆ ಒಯ್ದ, ಹೋಟೆಲಿಗೆ ಒಯ್ದ, ಪರಿಚಯದವರಿಗೆಲ್ಲ ಬಿಚ್ಚಿ ತೋರಿಸಿದ. ಉಂಡೆ ಹೊರಗೆ ಬಂದಿತ್ತು, ಉಚ್ಚೆ ಮಾತ್ರ ಇನ್ನೂ ಒಳಗೇ ಇತ್ತು.

ಆ ಮಾತು ಊರಲ್ಲಿ ಹರಡಲು ಎಷ್ಟು ಹೊತ್ತು. ಮುಂದಿನ ಭಾನುವಾರ ಗಲ್ಲಿ ಖಾಲಿ. ಅದರ ಮುಂದಿನದೂ ಖಾಲಿ. ಇಷ್ಟು ವರ್ಷ ಅವಳ ಕಷಾಯದಿಂದ ಬದುಕಿದ ಗಂಡಸರು, ಗಂಡನಿಗೇ ಹಾಕಿದವಳು ನಮಗೆ ಏನು ಕುಡಿಸಿದ್ದಾಳೋ ಎಂದು ಹೊಟ್ಟೆ ಮುಟ್ಟಿ ನೋಡಿಕೊಂಡರು. ಹಾಳಾಗಲಿ ಅವರು, ಅವರಿಗೆ ಕಟ್ಟಿಕೊಳ್ಳಲಿ. ನನಗೆ ಸಹಿಸಲಾಗದೆ ಹೋದದ್ದು ಹೆಂಗಸರು ಮಾಡಿದ್ದು. ಗೌರಿಹಬ್ಬಕ್ಕೆ ಅತ್ತಿಗೆ ಒಬ್ಬಟ್ಟು ಮಾಡಿ ಸಾಲುಮನೆಗಳಿಗೆಲ್ಲ ಬೀರಿದಳು. ಎಲ್ಲರೂ ನಗುನಗುತ್ತ ಇಸಿದುಕೊಂಡರು. ಮಾರನೆಯ ದಿನ ಬೆಳಿಗ್ಗೆ ಹಿತ್ತಲ ಬಾಗಿಲು ತೆಗೆದರೆ ಗಲ್ಲಿಯುದ್ದಕ್ಕೂ ಒಬ್ಬಟ್ಟು. ಬೀಡಾಡಿ ದನಗಳು ಒಂದೊಂದಾಗಿ ತಿನ್ನುತ್ತಿದ್ದವು. ಅತ್ತಿಗೆ ತನ್ನ ಬಾಗಿಲಲ್ಲಿ ನಿಂತು ಅದನ್ನು ನೋಡುತ್ತಿದ್ದಳು.

ನಾನು ಓಡಿಹೋಗಿ ಅವಳನ್ನು ಒಳಗೆ ಎಳೆದುಕೊಂಡೆ. ಅಳುತ್ತಾಳೆ ಅಂದುಕೊಂಡರೆ ಅಳಲಿಲ್ಲ. "ನಿಮ್ಮಣ್ಣ ನರಳೋದು ನೋಡಾಕಾಗಲ್ಲ ಮಂಗಳಾ," ಅಂದಳು. "ಕುಡಿದ್ರೆ ಸ್ವಲ್ಪ ಹಗುರಾಯ್ತದೆ. ಈಗ ನಾನು ಒಂದು ಲೋಟ ನೀರು ಕೊಟ್ರೂ ಮದ್ದು ಅಂತಾರೆ. ಅವರ ಜೀವಾನೂ ನನ್ನ ಹೆಸರೂ ಎರಡೂ ಅವರ ಬಾಯಲ್ಲೇ ಐತೆ ಕಣೆ. ಆ ಬಾಯಿ ತೆಗೆಯಲ್ವಲ್ಲ."

ಬಾಯಿ ತೆಗೆಯಲಿಲ್ಲ, ಕೊನೆಗೆ ಮಿಕ್ಕಿದ್ದೂ ಮುಚ್ಚಿಕೊಂಡಿತು. ದಸರಾ ಹತ್ತಿರ ಬಂದು ಕಚೇರಿಯಲ್ಲಿ ಮೀಟಿಂಗಿನ ಮೇಲೆ ಮೀಟಿಂಗು. ಸಾಹೇಬರ ಬೈಗುಳಕ್ಕೆ ಹೆದರಿ ಅಣ್ಣ ಬೆಳಿಗ್ಗೆಯಿಂದ ಬಾಗಿಲು ಬಿಟ್ಟು ಕದಲದೆ ನಿಂತಿದ್ದಾನೆ. ಮಧ್ಯಾಹ್ನ ಹಿಂದುಗಡೆ ಹೋದರೆ ಒಂದು ತೊಟ್ಟೂ ಇಲ್ಲ. ಕಿಬ್ಬೊಟ್ಟೆ ಕುಂಬಳಕಾಯಿ ಆಗಿದೆ. ಒಳಗೆ ಸಾಹೇಬರು ಗಂಟೆ ಬಾರಿಸುತ್ತಿದ್ದಾರೆ, ಹೊರಗೆ ದಫೇದಾರ ಪೇಟ ಕಳಚಿ ಗೋಡೆ ಬುಡದಲ್ಲಿ ಕೂತು, "ಅಮ್ಮಾ," ಅನ್ನುತ್ತಿದ್ದಾನೆ. ಜವಾನರು ಜಟಕಾದಲ್ಲಿ ಹೊತ್ತು ಹಾಕಿ ದೊಡ್ಡಾಸ್ಪತ್ರೆಗೆ ತಂದರು. ಕೊಳವೆ ಹಾಕಿ ನೀರು ಇಳಿಸಿದ ಮೇಲೆಯೇ ಅವನಿಗೆ ಜೀವ ಬಂದದ್ದು.

ನಾನೂ ಅತ್ತಿಗೆಯೂ ಹೋದೆವು. ಅವಳು ಗಂಜಿ ಮಾಡಿ ತಂದಿದ್ದಳು. ಅಣ್ಣ ಪಾತ್ರೆಯ ಕಡೆ ನೋಡಿ ಗೋಡೆಯ ಕಡೆ ತಿರುಗಿದ. ನನಗೆ ಸಿಟ್ಟು ನೆತ್ತಿಗೇರಿತು. ಅಷ್ಟರಲ್ಲಿ ಡಾಕ್ಟರು ಬಂದರು, ವಯಸ್ಸಿನಲ್ಲಿ ಚಿಕ್ಕವರು, ಮಾತು ಮೃದು.

"ಇವರಿಗೆ ಮದ್ದು ಹಾಕಿದ್ದಾರಂತೆ ಡಾಕ್ಟ್ರೇ," ಅಂದೆ ನಾನೇ. "ಅದು ಹೊಟ್ಟೇಲಿ ಗಂಟಾಗಿ ಹಿಂಗಾಗಿದೆಯಂತೆ. ಹೌದಾ?"

ಡಾಕ್ಟರು ನಕ್ಕರು. "ಗಂಟು ಇರೋದು ನಿಜ. ಆದರೆ ಹೊಟ್ಟೇಲಲ್ಲ. ಮೂತ್ರಚೀಲದ ಕೆಳಗೆ ಗಂಡಸರಿಗೆ ಒಂದು ಗ್ರಂಥಿ ಇರುತ್ತೆ, ಪ್ರಾಸ್ಟೇಟ್ ಅಂತ. ನೆಲ್ಲಿಕಾಯಿಯಷ್ಟು ಇರಬೇಕಾದ್ದು ಇವರಿಗೆ ನಿಂಬೆಹಣ್ಣಿನಷ್ಟಾಗಿ ದಾರಿ ಅಡ್ಡಗಟ್ಟಿದೆ. ತಿಂದದ್ದು ಕುಡಿದದ್ದರಿಂದ ಬರೋದಲ್ಲ ಇದು. ವಯಸ್ಸಿಗೆ ಬರೋದು, ಕೂದಲು ನೆರೆಯಲ್ವೇ, ಹಾಗೆ." ಆಮೇಲೆ ಅಣ್ಣನ ಕಡೆ ತಿರುಗಿ, "ಯಾವಾಗಿಂದ ಯಜಮಾನ್ರೇ ಈ ತೊಂದರೆ?" ಎಂದು ಕೇಳಿದರು.

ಅಣ್ಣ ಗೋಡೆಗೆ ಹೇಳಿದ. "ಹೋದ ದಸರಾ ಆದಾಗಿಂದ."

"ಸಾರು ಕಹಿ ಆಗಿದ್ದು ಯಾವಾಗಣ್ಣ?" ಅಂದೆ ನಾನು.

ಅವನು ಹೊದಿಕೆಯನ್ನು ಮುಖದ ಮೇಲೆ ಎಳೆದುಕೊಂಡ. ಈ ವರ್ಷದ ಮಳೆಗಾಲದಲ್ಲಿ ಎಂಬುದು ಅವನಿಗೂ ಗೊತ್ತಿತ್ತು. ಡಾಕ್ಟರಿಗೆ ಏನೂ ಅರ್ಥವಾಗಲಿಲ್ಲ. ಸದ್ಯಕ್ಕೆ ಮನೆಗೆ ಹೋಗಬಹುದು, ಆಪರೇಷನ್ ಮುಂದೆ ನೋಡೋಣ ಅಂದರು. ತೊಗಟೆ ಕಷಾಯ ಕುಡಿಯಬಹುದಾ ಎಂದು ನಾನು ಕೇಳಿದ್ದಕ್ಕೆ, "ಕುಡಿದರೆ ಕುಡೀಲಿ. ಮತ್ತೆ ಪೂರ್ತಿ ಕಟ್ಟಿದರೆ ಮಾತ್ರ ಅದನ್ನೇ ನಂಬಿಕೊಂಡು ಕೂರಬೇಡಿ, ತಕ್ಷಣ ಬನ್ನಿ," ಅಂದರು.

ಮನೆಗೆ ಬಂದ. ಮುಂದಿನ ಜಗಲಿಯ ಮೇಲೆ ಚಾಪೆ ಹಾಸಿಕೊಂಡು ಕೂತ. ಒಳಗೆ ಕಾಲಿಡಲಿಲ್ಲ. ಈಗ ಅನುಮಾನ ಹೋಗಿತ್ತು, ಆದರೆ ಅನುಮಾನ ಹೋದ ಜಾಗಕ್ಕೆ ನಾಚಿಕೆ ಬಂದು ಕೂತಿತ್ತು, ಅದು ಇನ್ನೂ ದೊಡ್ಡ ಪೀಡೆ. ಹೋಟೆಲಿನಿಂದ ಇಡ್ಲಿ ತರಿಸಿಕೊಂಡು, ಬೀದಿಗೆ ಬೆನ್ನು ಮಾಡಿ ತಿನ್ನುತ್ತಿದ್ದ. ಒಳಗೆ ಅತ್ತಿಗೆ ಇಬ್ಬರಿಗೂ ಅಡಿಗೆ ಮಾಡುತ್ತಿದ್ದಳು. ಮಿಕ್ಕಿದ್ದನ್ನು ಸಾಯಂಕಾಲ ದನಕ್ಕೆ ಹಾಕುತ್ತಿದ್ದಳು. ಒಂದು ಮಾತು ಆಡಲಿಲ್ಲ.

ನಾನು ಆಡಿದೆ. ನಡುಬೀದಿಯಲ್ಲಿ ನಿಂತು ಆಡಿದೆ. "ನೀನು ಅವಳ ಅನ್ನ ತಿನ್ನೋದು ಬಿಡೋದು ನಿಮ್ಮನೆ ವಿಷಯ ಕಣಣ್ಣ. ಆ ಹೊಲಸು ಉಂಡೇನ ಮೈಸೂರಿಗೆಲ್ಲ ಬಿಚ್ಚಿ ತೋರಿಸಿದೆಯಲ್ಲ, ಅದನ್ನ ಯಾರು ವಾಪಸ್ ಕಟ್ತಾರೆ? ಸಾಹೇಬರ ಬಾಗಿಲಲ್ಲಿ ಕಂಡೋರ ಹೆಸರೆಲ್ಲ ಕೂಗೋಕೆ ಗಂಟಲಿದೆ. ಕಟ್ಕೊಂಡೋಳ ಹೆಸರು ಕೆಡಿಸಿದ್ದೀನಿ ಅನ್ನೋಕೆ ಇಲ್ವಾ?" ಅವನು ಇಡ್ಲಿಯನ್ನು ಕೈಯಲ್ಲಿ ಹಿಡಿದುಕೊಂಡು ಕೇಳಿಸಿಕೊಂಡ. ನಾನು ನನ್ನ ಮನೆಗೆ ಬಂದು, ಬಾಗಿಲು ಧಡಾರನೆ ಹಾಕಿಕೊಂಡು ಮಲಗಿ ಅತ್ತೆ.

ಭಾನುವಾರ ಬಂತು. ದಫೇದಾರನಿಗೆ ಆಸ್ಪತ್ರೆಯಲ್ಲಿ ಕೊಳವೆ ಹಾಕಿದರಂತೆ ಎಂಬ ಸುದ್ದಿ ಅಷ್ಟರಲ್ಲಿ ಊರು ಸುತ್ತಿತ್ತು. ಕೊಳವೆಯ ಹೆಸರು ಕೇಳಿದ ಮೇಲೆ ಕೆಲವರಿಗೆ ಕಷಾಯ ಅಂಥ ಕೆಟ್ಟದ್ದಲ್ಲ ಅನ್ನಿಸಿರಬೇಕು. ಉಸ್ತಾದ್ ನಂಜುಂಡಯ್ಯ ಟವೆಲ್ ಎಳೆದುಕೊಂಡು ಗಲ್ಲಿಗೆ ಬಂದರು. ಅವರ ಹಿಂದೆ ಪಂಡಿತರು. ಅವರ ಹಿಂದೆ ನನಗೆ ಗುರುತಿಲ್ಲದ ಇನ್ನೊಬ್ಬರು. ಅತ್ತಿಗೆ ಮಡಕೆ ತಂದು ಹೊಸ್ತಿಲ ಬಳಿ ಇಟ್ಟುಕೊಂಡು ಕೂತಳು. ಆದದ್ದರ ಬಗ್ಗೆ ಒಬ್ಬರೂ ಒಂದು ಮಾತು ಆಡಲಿಲ್ಲ. ನಾನು ಪಾತ್ರೆ ಹಿಡಿದು ಕೂತಿದ್ದೆ.

ಆಗ ಗಲ್ಲಿಯ ಆ ತುದಿಯಿಂದ ಅಣ್ಣ ಬಂದ. ಬಿಳಿ ಕೋಟು, ಕೆಂಪು ಪಟ್ಟಿ, ಬಿಲ್ಲೆ, ಪೇಟ. ಭಾನುವಾರ, ಕಚೇರಿ ಇಲ್ಲ. ಆದರೂ ಪೂರಾ ಡ್ರೆಸ್ಸು. ಮುಂದಿನ ಜಗಲಿಯಿಂದ ಹೊರಟು ಬೀದಿ ಸುತ್ತಿಕೊಂಡು ಬಂದಿದ್ದ. ಬಂದವನು ಎಲ್ಲರ ಹಿಂದೆ ನಿಂತ. ಅವನನ್ನು ಕಂಡು ಮೂವರೂ ಟವೆಲನ್ನು ಇನ್ನೂ ಕೆಳಕ್ಕೆ ಎಳೆದುಕೊಂಡರು. ಉಸ್ತಾದರು, "ನಮ್ಮ ಬಾಮೈದನಿಗೆ ಅಂತ... ದಫೇದಾರ್ರೇ..." ಎಂದು ತೊದಲಿದರು.

ಅತ್ತಿಗೆ ಅವನನ್ನು ನೋಡಿದಳು, ನೋಡದವಳ ಹಾಗೆ ಕೆಲಸ ಮುಂದುವರಿಸಿದಳು. ಉಸ್ತಾದರ ಬಾಮೈದನನ್ನು ವಿಚಾರಿಸಿದಳು, ಲೋಟ ಕೊಟ್ಟಳು. ಪಂಡಿತರ ಬಾಮೈದ, ಆಮೇಲೆ ಇನ್ನೊಬ್ಬರ ಬಾಮೈದ. ಕುಡಿದವರು ಹೋಗಬೇಕಲ್ಲ, ಹೋಗಲಿಲ್ಲ. ಗೋಡೆಗೆ ಅಂಟಿಕೊಂಡು ನಿಂತರು.

ಅಣ್ಣನ ಸರದಿ ಬಂತು.

"ಯಾರಿಗೆ?" ಅಂದಳು ಅತ್ತಿಗೆ, ಮಡಕೆಯ ಕಡೆ ನೋಡುತ್ತ.

ಅಣ್ಣ ಒಂದು ಸಲ ಗಂಟಲು ಸರಿಮಾಡಿಕೊಂಡ. ಆಮೇಲೆ ಕಚೇರಿಯ ಬಾಗಿಲಲ್ಲಿ ಹೆಸರು ಕೂಗುವ ಅದೇ ದನಿಯಲ್ಲಿ, ಎರಡೂ ಸಾಲು ಮನೆಯ ಹಿತ್ತಲ ಬಾಗಿಲುಗಳು ಒಂದೊಂದಾಗಿ ತೆರೆದುಕೊಳ್ಳುವ ಹಾಗೆ ಹೇಳಿದ. "ನನಗೆ. ದಫೇದಾರ್ ಹುಚ್ಚಯ್ಯನಿಗೆ. ಉಚ್ಚೆ ಕಟ್ಟುತ್ತೆ. ಒಂದು ವರ್ಷದಿಂದ ಕಟ್ಟುತ್ತೆ. ನೀನು ನನಗೆ ಮದ್ದು ಹಾಕಿಲ್ಲ. ಹಾಕಿದ್ದೀಯ ಅಂತ ನಾನು ಊರಿಗೆಲ್ಲ ಹೇಳಿದ್ದು ಸುಳ್ಳು. ನಂಗೆ ಕಷಾಯ ಕೊಡು."

ನನ್ನ ಕೈಯಲ್ಲಿದ್ದ ತಪ್ಪಲೆ ಯಾವಾಗ ಚರಂಡಿಗೆ ಉರುಳಿತೋ ಗೊತ್ತಾಗಲಿಲ್ಲ. ನಾನು ಅಳುತ್ತಿದ್ದೆ.

ಅತ್ತಿಗೆ ಲೋಟ ತೊಳೆದು ಮುಂದಿಟ್ಟುಕೊಂಡಳು. ಎಲ್ಲರನ್ನೂ ಕೇಳುವ ಹಾಗೆಯೇ ಕೇಳಿದಳು. "ಧಾರೆ ಸಣ್ಣಗೆ ಬತ್ತದಾ?"

"ಬರುತ್ತೆ."

"ಉರಿ?"

"ಇದೆ."

"ರಕ್ತ?"

"ಇಲ್ಲ."

"ಮತ್ತೆ ಕಟ್ಟಿದ್ರೆ ಕಚೇರಿ ಬಾಗ್ಲಲ್ಲಿ ನಿಂತ್ಕಬಾರದು. ಆಸ್ಪತ್ರೆಗೆ ಹೋಗಬೇಕು."

"ಹೋಗ್ತೀನಿ."

ಲೋಟ ತುಂಬಿ ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು. ಅವನು ಎಲ್ಲರೂ ನೋಡುತ್ತಿರುವಂತೆಯೇ, ಒಬ್ಬಟ್ಟು ಎಸೆದಿದ್ದ ಅಷ್ಟೂ ಹೆಂಗಸರು ಬಾಗಿಲಲ್ಲಿ ನೋಡುತ್ತಿರುವಂತೆಯೇ, ಮೂರು ತಿಂಗಳ ಮೇಲೆ ಅವಳ ಕೈಯಿಂದ ಇಸಿದುಕೊಂಡು ಕೊನೆಯ ತೊಟ್ಟಿನವರೆಗೂ ಕುಡಿದ. ಲೋಟವನ್ನು ಹೊಸ್ತಿಲ ಮೇಲೆ ಇಟ್ಟು, ಬೇರೆಯವರ ಹಾಗೆಯೇ ಬಂದ ದಾರಿಯಲ್ಲಿ ತಿರುಗಿ ನಡೆಯಲು ಶುರು ಮಾಡಿದ.

"ಎಲ್ಲಿಗೆ?" ಅಂದಳು ಅತ್ತಿಗೆ.

ಅವನು ನಿಂತ.

"ಔಷಧಿಗೆ ಬರೋರು ಹಂಗೇ ಹೋಯ್ತಾರೆ. ನೀವು ಮುಂದ್ಲ ಬಾಗಿಲಿಂದ ಒಳಕ್ಕೆ ಬನ್ನಿ. ಎಲೆ ಹಾಕಿರ್ತೀನಿ," ಎಂದು ಹೇಳಿ, ಮಡಕೆ ಎತ್ತಿಕೊಂಡು ಒಳಗೆ ಹೋದಳು.